ಖೋಟಾ ನಾಣ್ಯದಿಂದ ಪಾಠ ಕಲಿತ ಸೆರಾಂಪುರದ ವಿಲಿಯಂ ಕೇರಿ

ಕೋಲ್ಕತಾ: ಹೌರಾದಿಂದ ಲೋಕಲ್ ರೈಲಿನಲ್ಲಿ ಸುಮಾರು 20 ಕಿ.ಮೀ. ಸಾಗಿದರೆ ಹೂಗ್ಲಿ ನದಿಯ ದಂಡೆಯಲ್ಲಿ ಶ್ರೀರಾಂಪುರ ಸಿಗುತ್ತದೆ. ಹಿಂದೆ ಇದು ಡೆನ್ಮಾರ್ಕಿನವರ ಆಡಳಿತದಲ್ಲಿದ್ದ ಸೆರಾಂಪುರ. ಮಂಗಳೂರಿನ ಕರ್ನಾಟಕ ಥಿಯೋಲಾಜಿಕಲ್ ಕಾಲೇಜಿನಲ್ಲಿ ಸಭಾಪಾಲಕರಾಗಲು ಓದುವ ಕನ್ನಡದ ಯುವಕ ಯುವತಿಯರಿಗೆ ಪದವಿ ದೊರೆಯುವುದು ಇದೇ ಊರಿನ ಹೆಸರಿನಲ್ಲಿ. ಇಲ್ಲಿನ ಕಾಲೇಜನ್ನು ಕಟ್ಟಿದ ಮೂವರಲ್ಲಿ ಹಿರಿಯರು ವಿಲಿಯಂ ಕೇರಿ. ಕರ್ನಾಟಕಕ್ಕೆ ಒಮ್ಮೆಯೂ ಬಾರದೆ 1817ರಲ್ಲಿ ಕನ್ನಡ ವ್ಯಾಕರಣವನ್ನು ಇಂಗ್ಲಿಷಿನಲ್ಲಿ ಬರೆದು ಅಚ್ಚು ಹಾಕಿಸಿದ ಈ ಮಹನೀಯರ ಬಗ್ಗೆ ಕೋಲ್ಕತಾದ ಕನ್ನಡಿಗರು ತಿಳಿದಿರಬೇಕಾದ್ದು ಬಹಳಷ್ಟಿದೆ.

ಕೇರಿ ಹುಟ್ಟಿದ್ದು 1761ರ ಆಗಸ್ಟ್ 17ರಂದು, ಇಂಗ್ಲೆಂಡಿನ ನಾರ್ಥಾಂಪ್ಟನ್‌ಶೈರಿನ ಪಾಲರ್ಸ್‌ಪ್ಯೂರಿ ಎಂಬ ಹಳ್ಳಿಯಲ್ಲಿ. ಹದಿಹರೆಯದಲ್ಲೇ ಪಿಡಿಂಗ್ಟನ್ ಗ್ರಾಮದ ಕ್ಲಾರ್ಕ್ ನಿಕೋಲ್ಸ್ ಎಂಬವರ ಬಳಿ ಚಪ್ಪಲಿ ಹೊಲಿಯುವ ಕೆಲಸಕ್ಕೆ ಸೇರಿದರು. ಒಂದು ಕ್ರಿಸ್ಮಸ್ ಸಮಯದಲ್ಲಿ ವ್ಯಾಪಾರಿಯೊಬ್ಬರು ಹುಡುಗನಿಗೆ ಇನಾಮಾಗಿ ಒಂದು ಶಿಲ್ಲಿಂಗ್ ಕೊಟ್ಟರು. ಅದು ಖೋಟಾ ಎಂದು ಗೊತ್ತಾದಾಗ ಹುಡುಗ ಯಜಮಾನರ ಹಣದಿಂದ ಒಂದು ಒಳ್ಳೆಯ ಶಿಲ್ಲಿಂಗ್ ತೆಗೆದುಕೊಂಡು ಖೋಟಾ ನಾಣ್ಯವನ್ನು ಅವರ ಲೆಕ್ಕಕ್ಕೆ ಸೇರಿಸಲು ಹೊರಟ. ಇದೊಂದು ಬಾರಿ ಪಾರು ಮಾಡಿದರೆ ಮುಂದೆಂದೂ ತಪ್ಪು ಮಾಡುವುದಿಲ್ಲವೆಂದು ದಾರಿಯುದ್ದಕ್ಕೂ ದೇವರಲ್ಲಿ ಬೇಡಿಕೊಂಡ. ಆದರೆ ವಿಚಾರಣೆಯಾಗಿ ಸುಳ್ಳು ಬಯಲಾಯಿತು. ನಾಚಿಕೆಯಿಂದ ಕೆಲವು ಕಾಲ ಅವನು ಬೀದಿಗೂ ಇಳಿಯಲಿಲ್ಲ, ಚರ್ಚಿಗೂ ಹೋಗಲಿಲ್ಲ. ಹೊರನೋಟಕ್ಕೆ ಭಕ್ತನಾಗಿದ್ದರೆ ಸಾಲದು, ಮನಸ್ಸೇ ಬದಲಾಗಬೇಕು ಎಂಬ ಅರಿವು ಬಂದದ್ದು ಆಗಲೇ. ಈ ಘಟನೆಯನ್ನು ಮರೆಮಾಚದೆ ಬರೆದಿಟ್ಟವರು ಸ್ವತಃ ಕೇರಿಯವರೇ.

ದೇವಸೇವೆಗೆ ಅವರ ಸಿದ್ಧತೆಯೂ ಸುಲಭದ್ದಾಗಿರಲಿಲ್ಲ. ಚಪ್ಪಲಿ ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತರು. 1785ರಲ್ಲಿ ಓಲ್ನಿ ಊರಿನ ಸಭೆ ಅವರ ಪ್ರಸಂಗ ಕೇಳಿ, ಇನ್ನೂ ಸ್ವಲ್ಪ ಕಾಲ ಪಳಗಲಿ ಎಂದು ಒಪ್ಪಿಗೆಯನ್ನು ಮುಂದೂಡಿತು. ಮರುವರ್ಷವಷ್ಟೇ ಅನುಮತಿ ದೊರೆಯಿತು.

1793ರ ನವೆಂಬರಿನಲ್ಲಿ ಕೇರಿ ಕುಟುಂಬ ಕೋಲ್ಕತಾಕ್ಕೆ ಬಂದಿಳಿಯಿತು. ಸಂಗಡಿಗ ಡಾ. ಜಾನ್ ಥಾಮಸ್ ಅವರ ಕೈಯಲ್ಲಿ ಹಣ ನಿಲ್ಲಲಿಲ್ಲ. ಕೆಲವೇ ವಾರಗಳಲ್ಲಿ ಕೈ ಬರಿದಾಗಿ ಮಾಣಿಕ್‌ತಲಾದಲ್ಲಿ ಪರರ ಮನೆಯಲ್ಲೂ ಆಮೇಲೆ ಸುಂದರಬನದಲ್ಲೂ ದಿನ ಕಳೆಯಬೇಕಾಯಿತು. 1794ರಲ್ಲಿ ಮಾಲ್ದಾ ಕಡೆಯ ಮದನಾಬತಿಯಲ್ಲಿ ನೀಲಿ ಕಾರ್ಖಾನೆಯ ಮ್ಯಾನೇಜರ್ ಹುದ್ದೆ ಸಿಕ್ಕಿತು. ಒಳ್ಳೆಯ ಸಂಬಳವೂ ಇತ್ತು. ಕೇರಿಯವರು ಕೂಡಲೇ, ತಮಗಿನ್ನು ಹಣ ಕಳಿಸಬೇಕಾಗಿಲ್ಲವೆಂದು ಇಂಗ್ಲೆಂಡಿನ ಮಿಷನ್ ಸಂಘಕ್ಕೆ ಪತ್ರ ಬರೆದರು. ಸಂಘದವರಿಗೋ ಇವರು ವ್ಯಾಪಾರದಲ್ಲೇ ಮುಳುಗಿಹೋದಾರೆಂಬ ಅಂಜಿಕೆ. ಕೇರಿಯವರು ಮಾತ್ರ ಜೀವನಕ್ಕೆ ಬೇಕಾದಷ್ಟು ಉಳಿಸಿಕೊಂಡು, ಮಿಕ್ಕದ್ದನ್ನು ಬಂಗಾಳಿ ಬೈಬಲ್ ಅನುವಾದಕ್ಕೆ ವಿನಿಯೋಗಿಸುತ್ತಿದ್ದರು.

ಅದೇ ವರ್ಷ ಐದು ವರ್ಷದ ಮಗ ಪೀಟರ್ ಭೇದಿಯಿಂದ ತೀರಿಕೊಂಡ. ಶವ ಹೊರಲು ಜನ ಸಿಗುವುದೇ ಕಷ್ಟವಾಯಿತು. ಮನಸ್ಸಿಲ್ಲದ ಮನಸ್ಸಿನಿಂದ ಭಾರತಕ್ಕೆ ಬಂದಿದ್ದ ಪತ್ನಿ ಡೊರೊತಿ ಬುದ್ಧಿಭ್ರಮಣೆಗೆ ಒಳಗಾಗಿ, 1807ರಲ್ಲಿ ತೀರಿಕೊಳ್ಳುವವರೆಗೂ ಚೇತರಿಸಿಕೊಳ್ಳಲಿಲ್ಲ. ಕೇರಿಯವರು ಸಂಸಾರಕ್ಕೆ ಸಾಕಷ್ಟು ಗಮನ ಕೊಡಲಿಲ್ಲ ಎಂಬ ಟೀಕೆ ಇಂದಿಗೂ ಇದೆ. ಅದರಲ್ಲಿ ಹುರುಳಿಲ್ಲವೆಂದು ಹೇಳಲಾಗದು. ಏಳು ವರ್ಷ ದುಡಿದರೂ ಒಬ್ಬ ಬಂಗಾಳಿಯೂ ಕ್ರೈಸ್ತನಾಗಿರಲಿಲ್ಲ. ಹಣದ ಆಸೆಗಿಂತ ದೊಡ್ಡ ಶೋಧನೆಯಾದ ನಿರಾಸೆಯನ್ನು ಅವರು ಎದುರಿಸಿದ್ದು ಈ ಕಾಲದಲ್ಲಿ. 1800ರ ಡಿಸೆಂಬರ್ 28ರಂದು ಬಡಗಿ ಕೃಷ್ಣಪಾಲ್ ಅವರಿಗೆ ಹೂಗ್ಲಿಯಲ್ಲಿ ದೀಕ್ಷಾಸ್ನಾನವಾಯಿತು.

ಆ ವರ್ಷದ ಆರಂಭದಲ್ಲೇ ಕೇರಿಯವರು ಸೆರಾಂಪುರಕ್ಕೆ ಬಂದು ಜೋಶುವಾ ಮಾರ್ಷ್‌ಮನ್ ಮತ್ತು ವಿಲಿಯಂ ವಾರ್ಡ್ ಅವರನ್ನು ಕೂಡಿಕೊಂಡಿದ್ದರು. ಎಲ್ಲರ ಗಳಿಕೆಯೂ ಒಂದೇ ನಿಧಿಗೆ, ಖಾಸಗಿ ವ್ಯಾಪಾರ ಯಾರಿಗೂ ಇಲ್ಲ ಎಂಬುದು ಅಲ್ಲಿನ ನಿಯಮ. 1805ರಲ್ಲಿ ಬರೆದುಕೊಂಡ ಒಡಂಬಡಿಕೆಯನ್ನು ವರ್ಷಕ್ಕೆ ಮೂರು ಬಾರಿ ಎಲ್ಲರೆದುರು ಓದುವ ಕ್ರಮವಿತ್ತು. 1801ರಲ್ಲಿ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ತಿಂಗಳಿಗೆ 500 ರೂಪಾಯಿ ವೇತನದ ಅಧ್ಯಾಪಕ ಹುದ್ದೆ ಒದಗಿತು. ಮುಂದೆ ಅದು 1,000 ರೂಪಾಯಿಗೆ ಏರಿತು. ಅಂದಿನ ಕಾಲಕ್ಕೆ ಭಾರೀ ಮೊತ್ತ. ಮನೆ ಖರ್ಚಿನ ಭತ್ಯೆ ಬಿಟ್ಟು ಉಳಿದದ್ದೆಲ್ಲ ಮಿಷನ್ ನಿಧಿಗೆ ಜಮೆಯಾಯಿತು. 1806ರ ಅವರ ಪತ್ರವೊಂದರಿಂದ ತಿಳಿಯುವಂತೆ, ಆರು ಗಂಟೆಗೆ ಮೊದಲೇ ಎದ್ದು ಹೀಬ್ರೂ ಬೈಬಲಿನ ಒಂದು ಅಧ್ಯಾಯ ಓದಿ, ಏಳರವರೆಗೆ ಏಕಾಂತ ಪ್ರಾರ್ಥನೆ. ನಂತರ ಮನೆಯ ಆಳುಗಳೊಂದಿಗೆ ಬಂಗಾಳಿಯಲ್ಲಿ ಪ್ರಾರ್ಥನೆ. ಕಾಲೇಜಿನ ಪಾಠ ಏನಿದ್ದರೂ ಇದೆಲ್ಲ ಮುಗಿದ ಮೇಲೆ.

1812ರ ಮಾರ್ಚ್ 11ರ ಸಂಜೆ ಸೆರಾಂಪುರದ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. ವರ್ಷಗಟ್ಟಲೆ ದುಡಿದು ಸಿದ್ಧಪಡಿಸಿದ್ದ ಬಹುಭಾಷಾ ನಿಘಂಟು ಮತ್ತು ತೆಲುಗು ವ್ಯಾಕರಣದೊಂದಿಗೆ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿಯೂ ಸುಟ್ಟುಹೋಯಿತು. ಬೂದಿಯ ನಡುವೆ ನಿಂತು ಕೇರಿಯವರು ಕಣ್ಣೀರಿಟ್ಟರು. ಮತ್ತೆ ಮೊದಲಿನಿಂದ ಕೆಲಸ ಆರಂಭಿಸಿದರು. ಐದು ವರ್ಷಗಳಲ್ಲಿ ಕನ್ನಡ ವ್ಯಾಕರಣ ಹೊರಬಂತು. ಬೆಂಕಿಯ ಸುದ್ದಿಯಿಂದ ಬ್ರಿಟನ್ನಿನಲ್ಲಿ ಅವರ ಕೀರ್ತಿ ಹರಡಿ ಹಣ ಹರಿದುಬಂದಾಗ, ಸಂಘದ ಕಾರ್ಯದರ್ಶಿ ಆಂಡ್ರೂ ಫುಲ್ಲರ್ ಹೊಗಳಿಕೆಯೂ ಒಂದು ಅಪಾಯವೆಂದು ಎಚ್ಚರಿಸಿದರು.

1818ರಲ್ಲಿ ಆರಂಭವಾದ ಕಾಲೇಜಿಗೆ 37 ವಿದ್ಯಾರ್ಥಿಗಳು ಸೇರಿದರು. ಅವರಲ್ಲಿ ಹಿಂದೂಗಳೂ ಇದ್ದರು. 1827ರಲ್ಲಿ ಡೆನ್ಮಾರ್ಕಿನ ರಾಜರಿಂದ ಪದವಿ ನೀಡುವ ಸನ್ನದು ದೊರೆಯಿತು. 1820ರಲ್ಲಿ ಅವರು ಕಟ್ಟಿದ ಕೃಷಿ ಮತ್ತು ತೋಟಗಾರಿಕಾ ಸಂಘದ ಉದ್ಯಾನ ಅಲಿಪುರದಲ್ಲಿ ಇಂದಿಗೂ ಇದೆ.

ಕೇರಿಯವರು 1834ರ ಜೂನ್ 9ರಂದು ಸೆರಾಂಪುರದಲ್ಲಿ ನಿಧನರಾದರು. ನಾಲ್ಕು ದಶಕ ಬಂಗಾಳದಲ್ಲಿ ದುಡಿದ ಅವರು ಒಮ್ಮೆಯೂ ತಾಯ್ನಾಡಿಗೆ ಮರಳಿರಲಿಲ್ಲ. ಸೆರಾಂಪುರದ ಆಸ್ತಿಯಲ್ಲಿ ತಮಗೆ ಯಾವ ಹಕ್ಕೂ ಇಲ್ಲ, ಎಂದೂ ಇರಲಿಲ್ಲ ಎಂದು ಉಯಿಲಿನಲ್ಲಿ ಬರೆದಿಟ್ಟಿದ್ದರು. ಮಗ ಜೇಬಜ್‌ಗೆ ಸಲ್ಲಬೇಕಿದ್ದ 1,500 ರೂಪಾಯಿಗಾಗಿ ಅವರ ಪುಸ್ತಕಗಳನ್ನು ಮಾರಬೇಕಾಯಿತು. ಒಂದು ಶಿಲ್ಲಿಂಗಿಗಾಗಿ ಸುಳ್ಳು ಹೇಳಿದ್ದ ಹುಡುಗ, ಕೊನೆಯಲ್ಲಿ ಎಲ್ಲ ಲೆಕ್ಕವನ್ನೂ ಚುಕ್ತಾ ಮಾಡಿಯೇ ಹೊರಟರು. ಸೆರಾಂಪುರದ ಮಿಷನ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ. ಬಿಡುವಿನ ಒಂದು ಭಾನುವಾರ ಕುಟುಂಬ ಸಮೇತ ಹೋಗಿ ನೋಡಿಬರಬಹುದು.