ಸೇಲಂನಲ್ಲಿ ಹೆಂಡ ನಿಲ್ಲಿಸಿದವರು, ನಮ್ಮ ಅಂಗಡಿಗೆ ತೆರಿಗೆ ತಂದವರು

ಅಂಗಡಿ ಇಟ್ಟವರಿಗೆ ತಿಂಗಳು ತಿಂಗಳು ತೆರಿಗೆ ಲೆಕ್ಕ ಬರೆಯುವ ರಗಳೆ ಗೊತ್ತು. ಬಸ್ಸಿನಲ್ಲಿ ಓಡಾಡುವವರಿಗೆ ಪೆಟ್ರೋಲು, ಡೀಸೆಲ್ಲಿನ ತೆರಿಗೆ ಏರಿದರೆ ಟಿಕೆಟಿನ ದರವೂ ಏರುವುದು ಗೊತ್ತು. ವ್ಯಾಪಾರದ ಮೇಲಿನ ತೆರಿಗೆ, ಪೆಟ್ರೋಲ್ ಮಾರಾಟದ ಮೇಲಿನ ತೆರಿಗೆ ಎರಡೂ ಮಂಗಳೂರು ಕಡೆಗೆ ಬಂದದ್ದು ಒಂದೇ ವರ್ಷ, 1939ರಲ್ಲಿ, ಒಬ್ಬರೇ ಮನುಷ್ಯನ ಕೈಯಿಂದ. ಯಾಕೆ ಬಂತು ಅಂದರೆ, ದೂರದ ಸೇಲಂ ಜಿಲ್ಲೆಯಲ್ಲಿ ಹೆಂಡದಂಗಡಿ ಮುಚ್ಚಿದ್ದಕ್ಕೆ! ಆಗ ನಮ್ಮ ದಕ್ಷಿಣ ಕನ್ನಡವೂ ಸೇಲಂ ಕೂಡ ಒಂದೇ ಮದರಾಸು ಪ್ರಾಂತದಲ್ಲಿದ್ದವು. ಖಜಾನೆ ಒಂದೇ.

ಆ ಮನುಷ್ಯ ಚಕ್ರವರ್ತಿ ರಾಜಗೋಪಾಲಾಚಾರಿ. ಎಲ್ಲರ ಬಾಯಲ್ಲಿ ರಾಜಾಜಿ. ಗವರ್ನರ್ ಜನರಲ್ ಆಗಿದ್ದ ಒಬ್ಬರೇ ಭಾರತೀಯ ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಮಹಾಭಾರತ, ರಾಮಾಯಣ ಬರೆದವರೆಂದೂ ಗೊತ್ತು. ಆದರೆ ಅವರ ಬದುಕಿನುದ್ದಕ್ಕೂ ಬಿಡದೆ ಬೆನ್ನು ಹತ್ತಿದ್ದ ವಿಷಯ ಒಂದಿದ್ದರೆ ಅದು ಹೆಂಡ.

ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ. ತಂದೆ ಊರ ಮುನ್ಸೀಫರು, ಅಂದರೆ ನಮ್ಮ ಕಡೆಯ ಪಟೇಲರ ಹಾಗೆ. ಓದಿದ್ದು ಹೊಸೂರು, ಆಮೇಲೆ ಬೆಂಗಳೂರಿನ ಸೆಂಟ್ರಲ್ ಕಾಲೇಜು, ಕಾನೂನಿಗೆ ಮದರಾಸು. 1900ರಲ್ಲಿ ಸೇಲಂಗೆ ಬಂದು ವಕೀಲಿ ಹಿಡಿದರು. ಹೆಸರೂ ಬಂತು, ದುಡ್ಡೂ ಬಂತು. 1917ರಲ್ಲಿ ಅಲ್ಲಿನ ಮುನಿಸಿಪಾಲಿಟಿ ಅಧ್ಯಕ್ಷರೂ ಆದರು. ಅಷ್ಟರಲ್ಲಿ ಗಾಂಧೀಜಿ ಸಿಕ್ಕರು, ವಕೀಲಿ ಹೋಯಿತು, ವೆಲ್ಲೂರು ಜೈಲು ಬಂತು.

1925ರಲ್ಲಿ ಸೇಲಂ ಜಿಲ್ಲೆಯ ತಿರುಚೆಂಗೋಡಿನ ಹತ್ತಿರ, ಪುದುಪಾಳ್ಯ ಎಂಬ ಹಳ್ಳಿಯಲ್ಲಿ ಆಶ್ರಮ ಹೂಡಿದರು. ಕೆಲಸ ಖಾದಿಯದು. ನೇಯುವವರು, ನೂಲುವವರು, ಹರಿಜನ ಕೇರಿಯವರು ಇವರ ಸುತ್ತಲಿನ ಜನ. ಇಲ್ಲಿ ರಾಜಾಜಿ ಕಂಡ ಲೆಕ್ಕ ಸರಳ. ರಾಟೆ ತಿರುಗಿಸಿ ಹೆಂಗಸು ಗಳಿಸಿದ ಆಣೆಕಾಸು ಸಂಜೆಗೆ ಹೆಂಡದಂಗಡಿಯ ಗಲ್ಲಾಪೆಟ್ಟಿಗೆಗೆ ಹೋಗಿ ಬೀಳುತ್ತಿದ್ದರೆ ಖಾದಿಯಿಂದ ಬಡತನ ಹೇಗೆ ಹೋದೀತು? 1929ರಲ್ಲಿ ಕುಡಿತದ ವಿರುದ್ಧವೆಂದೇ ವಿಮೋಚನಂ ಎಂಬ ತಮಿಳು ಪತ್ರಿಕೆ ತೆಗೆದರು. ಮುಂದೆ ತಮಿಳಿನ ದೊಡ್ಡ ಕಾದಂಬರಿಕಾರರಾದ ಕಲ್ಕಿ ಆಗ ಆ ಪತ್ರಿಕೆಯ ಕೆಲಸಕ್ಕಿದ್ದ ಹುಡುಗ.

ಅಂದಿನ ಹೆಂಡದಂಗಡಿ ಕಳ್ಳವ್ಯಾಪಾರ ಅಲ್ಲ ಸ್ವಾಮಿ, ಸರಕಾರದ ಲೈಸೆನ್ಸ್ ಇದ್ದದ್ದು. ಅಂಗಡಿ ಹರಾಜು. ಕೂಗಿ ಹಿಡಿದ ಕಂಟ್ರಾಕ್ಟರು ಕಟ್ಟಿದ ದುಡ್ಡು ಸರಕಾರಕ್ಕೆ. ಹೆಂಡ ಇಳಿಸುವ ಒಂದೊಂದು ಮರಕ್ಕೂ ಮರದ ತೆರಿಗೆ ಬೇರೆ. ಹೀಗೆ ಬರುವ ಅಬ್ಕಾರಿ ಹಣವೇ ಮದರಾಸು ಪ್ರಾಂತದ ಒಟ್ಟು ಆದಾಯದ ಸುಮಾರು ಕಾಲುಭಾಗ. ಬ್ರಿಟಿಷರ ಶಾಲೆ, ಆಸ್ಪತ್ರೆ, ರಸ್ತೆ ಎಲ್ಲದರಲ್ಲೂ ಹೆಂಡದ ಪಾಲಿತ್ತು. ಮುಚ್ಚಿಸಿ ಎಂದು ಭಾಷಣ ಮಾಡುವುದು ಸುಲಭ. ಖಜಾನೆಯ ಬೀಗದ ಕೈ ಸಿಕ್ಕ ಮೇಲೆ ಮಾಡುವುದು ಕಷ್ಟ.

ಬೀಗದ ಕೈ 1937ರ ಜುಲೈನಲ್ಲಿ ಸಿಕ್ಕಿತು. ರಾಜಾಜಿ ಪ್ರಾಂತದ ಪ್ರಧಾನಿಯಾದರು. ಈಗಿನ ಮುಖ್ಯಮಂತ್ರಿ ಹುದ್ದೆಗೆ ಆಗಿನ ಹೆಸರು ಅದು. ಹಣಕಾಸು ಖಾತೆಯನ್ನೂ ತಾವೇ ಇಟ್ಟುಕೊಂಡರು. ಮೂರು ತಿಂಗಳು ಕಳೆದಿರಲಿಲ್ಲ, ಪಾನನಿರೋಧ ಕಾನೂನು ಪಾಸಾಗಿ ಅಕ್ಟೋಬರ್ 1ರಿಂದ ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂತು. ಇಡೀ ಪ್ರಾಂತಕ್ಕೆ ಒಮ್ಮೆಗೇ ಹಾಕಲಿಲ್ಲ. ಒಂದೇ ಜಿಲ್ಲೆ, ಅದೂ ತಮ್ಮದೇ ಜಿಲ್ಲೆ. ಗೆದ್ದರೆ ಮುಂದಿನ ಜಿಲ್ಲೆ, ಸೋತರೆ ತಮ್ಮ ಮುಖಕ್ಕೇ ಮಸಿ. ವಕೀಲರ ಬುದ್ಧಿ ಅಂದರೆ ಇದು. 1938ರಲ್ಲಿ ಚಿತ್ತೂರು, ಕಡಪ ಸೇರಿದವು. 1939ರಲ್ಲಿ ಉತ್ತರ ಆರ್ಕಾಟು.

ಬರೀ ಪೊಲೀಸರನ್ನು ಛೂಬಿಟ್ಟು ಕುಳಿತರು ಅಂದುಕೊಳ್ಳಬೇಡಿ. ಮರ ಹತ್ತುವವನ ಹೊಟ್ಟೆಪಾಡಿನ ಪ್ರಶ್ನೆ ಇತ್ತಲ್ಲ. ಮಡಕೆಯ ಒಳಗೆ ಸುಣ್ಣ ಬಳಿದು ಕಟ್ಟಿದರೆ ಮರದ ರಸ ಹುಳಿಯಾಗುವುದಿಲ್ಲ, ಸಿಹಿಯಾಗೇ ಇರುತ್ತದೆ. ಅದನ್ನು ಕಾಯಿಸಿದರೆ ಬೆಲ್ಲ. ನಮ್ಮ ಕಡೆ ಓಲೆಬೆಲ್ಲ ಅನ್ನುತ್ತೇವಲ್ಲ, ಅದೇ. ಹೆಂಡದ ಬದಲು ಬೆಲ್ಲ ಮಾಡಿ ಎಂದು ಸಿಹಿರಸ ಇಳಿಸಲು ಲೈಸೆನ್ಸ್ ಕೊಟ್ಟರು. ಒಳ್ಳೆಯ ಯೋಚನೆ, ಅರ್ಧ ಕೆಲಸ ಅಷ್ಟೇ. ಬೆಲ್ಲಕ್ಕೆ ರಾಶಿ ಸೌದೆ ಬೇಕು, ಮನೆಮಂದಿಯೆಲ್ಲ ಒಲೆ ಮುಂದೆ ಕೂರಬೇಕು, ಮಾರಲು ಸಂತೆಗೆ ಹೊರಬೇಕು. ಹೆಂಡವಾದರೆ ಇಳಿಸಿದ ಕೂಡಲೆ ಕಾಸು. ಮೂರ್ತೆ ಕೆಲಸ ಮಾಡಿದ ಮನೆತನದವರು ನಮ್ಮ ಜಿಲ್ಲೆಯಲ್ಲೂ ಬೇಕಾದಷ್ಟು ಇದ್ದಾರೆ, ಅವರನ್ನೇ ಕೇಳಿ ನೋಡಿ. ಈ ಜನರ ಕಷ್ಟವನ್ನು ರಾಜಾಜಿ ಕಡಿಮೆ ಅಳೆದರೆಂದೇ ನನಗೆ ಅನ್ನಿಸುತ್ತದೆ. ಸಾಲದ್ದಕ್ಕೆ ಸೇಲಂನ ಗಡಿ ದಾಟಿದರೆ ಆಚೆ ಕೊಯಮತ್ತೂರಿನಲ್ಲೂ ಈಚೆ ಮೈಸೂರು ಸಂಸ್ಥಾನದಲ್ಲೂ ಅಂಗಡಿ ಬಾಗಿಲು ತೆರೆದೇ ಇತ್ತು. ಕುಡಿಯಲೇಬೇಕು ಎಂದವನಿಗೆ ಕಾಲಿದ್ದರೆ ಸಾಕು.

ಈಗ ದುಡ್ಡಿನ ಮಾತು. ಹೋದ ಅಬ್ಕಾರಿ ಹಣವನ್ನು ತುಂಬುವುದು ಹೇಗೆ? ಸಾಲ ಎತ್ತಿ ಮುಂದಿನವರ ತಲೆಗೆ ಕಟ್ಟಬಹುದಿತ್ತು. ರಾಜಾಜಿ ಹಾಗೆ ಮಾಡಲಿಲ್ಲ. 1939ರಲ್ಲಿ ಸಾಮಾನ್ಯ ಮಾರಾಟ ತೆರಿಗೆ ಕಾನೂನು ತಂದರು. ಎಲ್ಲ ಸಾಮಾನಿನ ವ್ಯಾಪಾರದ ಮೇಲೆ ಹೀಗೆ ತೆರಿಗೆ ಹಾಕಿದ್ದು ದೇಶದಲ್ಲೇ ಅದು ಮೊದಲು. ಅದರ ಜೊತೆಗೇ ಪೆಟ್ರೋಲು, ಹೊಗೆಸೊಪ್ಪು, ಸಿನಿಮಾ-ನಾಟಕದ ಟಿಕೆಟು ಎಲ್ಲಕ್ಕೂ ಒಂದೊಂದು. ವರ್ಷಕ್ಕೆ 10,000 ರೂಪಾಯಿಯೂ ವಹಿವಾಟು ಇಲ್ಲದ ಸಣ್ಣಂಗಡಿಗೆ ಮಾಫಿ. ದೊಡ್ಡವರಿಗೂ ದರ ನೂರಕ್ಕೆ ಒಂದು ರೂಪಾಯಿಗಿಂತ ಕಮ್ಮಿಯೇ. ಆದರೂ ವರ್ತಕರು ಸಿಡಿದೆದ್ದರು. ಯಾವನೋ ಕುಡುಕ ಕೊಡುತ್ತಿದ್ದ ತೆರಿಗೆಯನ್ನು ಕುಡಿಯದ ಜೀನಸಿನಂಗಡಿಯವನು ಯಾಕೆ ಕೊಡಬೇಕು ಎಂಬುದು ಅವರ ನ್ಯಾಯ. ಕೇಳಿದರೆ ಸರಿಯೇ. ರಾಜಾಜಿ ಹಿಡಿದ ನ್ಯಾಯವೂ ಸರಿಯೇ. ಹೆಂಡಕ್ಕೆ ಹೋಗದ ಕಾಸು ಅಕ್ಕಿ, ಬಟ್ಟೆ, ಎಣ್ಣೆಗೆ ಬರುತ್ತದೆ, ಅಂಗಡಿಗೆ ಗಿರಾಕಿ ಜಾಸ್ತಿಯಾಗುತ್ತಾನೆ, ಅದರಲ್ಲಿ ಒಂದು ಚೂರು ಸರಕಾರಕ್ಕಿರಲಿ.

ಮುಂದೆ ಆದದ್ದು ನೋಡಿ. 1939ರ ಅಕ್ಟೋಬರ್‌ನಲ್ಲಿ ತೆರಿಗೆ ಜಾರಿಗೆ ಬಂತು. ಅದೇ ತಿಂಗಳು, ನಮ್ಮನ್ನು ಕೇಳದೆ ಭಾರತವನ್ನು ಯುದ್ಧಕ್ಕೆ ಎಳೆದರೆಂದು ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಡತೊಡಗಿದವು. ರಾಜಾಜಿ ಕೂಡ ಇಳಿದರು. ಗವರ್ನರ್ ಆಡಳಿತ ಬಂದು ಯುದ್ಧದ ನಡುವೆ ಪಾನನಿರೋಧವನ್ನು ತಡೆಹಿಡಿಯಿತು, ಹೆಂಡದಂಗಡಿ ಮತ್ತೆ ತೆರೆಯಿತು. ಮಾರಾಟ ತೆರಿಗೆ? ಅದನ್ನು ಯಾರೂ ಮುಟ್ಟಲಿಲ್ಲ. ಯಾತಕ್ಕಾಗಿ ಹುಟ್ಟಿತೋ ಅದು ಹೋದರೂ ತೆರಿಗೆ ಉಳಿಯಿತು. ದರವೂ ಏರಿತು. ಬೇರೆ ಪ್ರಾಂತಗಳೂ ನೋಡಿ ಕಲಿತವು.

ಯುದ್ಧ ಮುಗಿದ ಮೇಲೆ ಕಾಂಗ್ರೆಸ್ಸಿನವರು ಮತ್ತೆ ಒಂದೊಂದೇ ಜಿಲ್ಲೆ ಒಣಗಿಸುತ್ತ ಬಂದು, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಪ್ರಾಂತದಲ್ಲಿ ಪಾನನಿರೋಧ ಮಾಡಿದರು. ಮಂಗಳೂರಿನ ಗಡಂಗುಗಳಿಗೆ ಬೀಗ ಬಿದ್ದದ್ದೂ ಹೀಗೆ. ಗುಡ್ಡದ ಮರೆಯಲ್ಲಿ ಕಳ್ಳಭಟ್ಟಿ ಕುದಿಯತೊಡಗಿದ್ದೂ ಆಮೇಲೆಯೇ. ರಾಜಾಜಿ ಅಷ್ಟರಲ್ಲಿ ದಿಲ್ಲಿಯಲ್ಲಿ ಗವರ್ನರ್ ಜನರಲ್. 1952ರಲ್ಲಿ ಮದರಾಸಿಗೆ ಮುಖ್ಯಮಂತ್ರಿಯಾಗಿ ಬಂದರು, ಮಕ್ಕಳಿಗೆ ಅರ್ಧ ದಿನ ಶಾಲೆ, ಅರ್ಧ ದಿನ ಮನೆಕಸುಬು ಎಂಬ ಯೋಜನೆ ತಂದು ಜನರ ಸಿಟ್ಟಿಗೆ ಗುರಿಯಾಗಿ 1954ರಲ್ಲಿ ಇಳಿದರು. 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಲೈಸೆನ್ಸು, ಪರ್ಮಿಟ್ಟು, ಕೋಟಾ ಬೇಡ, ವ್ಯಾಪಾರ ವ್ಯಾಪಾರಿಗೆ ಬಿಡಿ ಎಂದು ದೇಶವೆಲ್ಲ ಸಾರಿದ ಈ ಮನುಷ್ಯ ಹೆಂಡದ ವ್ಯಾಪಾರ ಒಂದನ್ನು ಮಾತ್ರ ಕೊನೆತನಕ ಬಿಡಗೊಡಲಿಲ್ಲ!

ಮೈಸೂರು ರಾಜ್ಯ 1967ರಲ್ಲೇ ಪಾನನಿರೋಧಕ್ಕೆ ಕೈಮುಗಿಯಿತು. ತಮಿಳುನಾಡು ಇನ್ನೂ ಹಿಡಿದುಕೊಂಡಿತ್ತು. 1971ರಲ್ಲಿ ಅಲ್ಲೂ ಬಿಡುವ ಮಾತು ಬಂತು. ಮುಖ್ಯಮಂತ್ರಿ ಕರುಣಾನಿಧಿಯವರದು ಖಜಾನೆಯ ವಾದ. ಹೊಸದಾಗಿ ಮುಚ್ಚುವ ರಾಜ್ಯಕ್ಕಾದರೆ ಕೇಂದ್ರ ದುಡ್ಡು ಕೊಡುತ್ತದಂತೆ, ಮೊದಲೇ ಮುಚ್ಚಿ ನಷ್ಟ ಅನುಭವಿಸಿದ ನಮಗೆ ಯಾಕಿಲ್ಲ ಎಂದು. ಜುಲೈ ತಿಂಗಳ ಒಂದು ದಿನ, ಸುರಿಯುವ ಮಳೆಯಲ್ಲಿ, 92 ವರ್ಷದ ರಾಜಾಜಿ ಗೋಪಾಲಪುರದಲ್ಲಿದ್ದ ಕರುಣಾನಿಧಿಯವರ ಮನೆಗೆ ತಾವೇ ಹೋದರು. ಗವರ್ನರ್ ಜನರಲ್ ಆಗಿದ್ದವರು, ಕೋಲು ಹಿಡಿದು, ತಮ್ಮ ಹೆಚ್ಚುಕಮ್ಮಿ ಅರ್ಧ ವಯಸ್ಸಿನವರ ಮನೆ ಮೆಟ್ಟಲು ಹತ್ತಿದರು. ಅಂಗಡಿ ತೆರೆಯಬೇಡಿ ಎಂದು ಬೇಡಿಕೊಂಡರು. ಮರ್ಯಾದೆ ಸಿಕ್ಕಿತು. ಕೇಳಿದ್ದು ಸಿಗಲಿಲ್ಲ. ಆಗಸ್ಟ್ 30ರಿಂದ ಅಂಗಡಿ ತೆರೆಯಿತು.

ಮರುವರ್ಷ ಡಿಸೆಂಬರ್ 25ರಂದು ರಾಜಾಜಿ ತೀರಿಕೊಂಡರು. ಕರುಣಾನಿಧಿಯವರೇ 1974ರ ಹೊತ್ತಿಗೆ ಅಂಗಡಿಗಳನ್ನು ಪುನಃ ಮುಚ್ಚಿಸಿದರು. ಆಮೇಲೆ ಎಂ.ಜಿ.ಆರ್. ಕಾಲದಲ್ಲಿ ಮತ್ತೆ ತೆರೆದವು, 1983ರಲ್ಲಿ ಮದ್ಯದ ವ್ಯಾಪಾರಕ್ಕೆಂದೇ ಸರಕಾರಿ ಕಂಪೆನಿ ಹುಟ್ಟಿತು. 2003ರಲ್ಲಿ ಚಿಲ್ಲರೆ ಮಾರಾಟವನ್ನೂ ಅದೇ ಕಂಪೆನಿ ಕೈಗೆ ತೆಗೆದುಕೊಂಡಿತು. ಸೇಲಂನಲ್ಲೂ ಅದರ ಅಂಗಡಿಗಳೇ. ನಮ್ಮ ರಾಜ್ಯದಲ್ಲಿ 2007ರ ಜುಲೈ 1ರಿಂದ ಸಾರಾಯಿ ಒಂದು ನಿಂತಿತು, ಉಳಿದದ್ದು ನಿಲ್ಲಲಿಲ್ಲ.

2017ರಲ್ಲಿ ಜಿ.ಎಸ್.ಟಿ. ಬಂದು, 1939ರಲ್ಲಿ ಹುಟ್ಟಿದ ಆ ಮಾರಾಟ ತೆರಿಗೆಯ ಸಂತಾನವನ್ನು ಹೆಚ್ಚುಕಮ್ಮಿ ಪೂರ್ತಿ ನುಂಗಿತು. ಆಗ ಅದರ ಬಾಯಿಗೆ ಕೊಡದೆ ರಾಜ್ಯಗಳು ತಮ್ಮ ಹತ್ತಿರವೇ ಉಳಿಸಿಕೊಂಡ ಬಾಬ್ತುಗಳಲ್ಲಿ ದೊಡ್ಡವು ಎರಡು. ಒಂದು ಪೆಟ್ರೋಲು-ಡೀಸೆಲ್ಲಿನದು. ಇನ್ನೊಂದು ಹೆಂಡದ್ದು.