ಕತ್ತಲೆಗೆ ಲೆಕ್ಕವಿಟ್ಟ ಬಾರ್ನಾರ್ಡರು

ಒಂಬತ್ತು ತುಂಬುವ ಮೊದಲೇ ದುಡಿಮೆಗೆ ನಿಂತ ಹುಡುಗನ ಕಥೆಯು ನಮ್ಮ ವಾಚಕರಿಗೆ ಹೊಸತಲ್ಲ. ಹಾಗೆ ನಿಂತವರೊಬ್ಬರು ಆಕಾಶದ ಕತ್ತಲೆಗೇ ಲೆಕ್ಕವಿಟ್ಟು ಜಗತ್ಪ್ರಸಿದ್ಧರಾದ ಬಗೆಯನ್ನು ಇಂದು ನಿವೇದಿಸುತ್ತೇವೆ. ಅವರೇ ಅಮೆರಿಕದ ಖಗೋಳಜ್ಞ ಎಡ್ವರ್ಡ್ ಎಮರ್ಸನ್ ಬಾರ್ನಾರ್ಡ್.

1857ನೆಯ ಡಿಸೆಂಬರ್ 16ರಂದು ಟೆನೆಸೀ ಸಂಸ್ಥಾನದ ನ್ಯಾಶ್‌ವಿಲ್ ನಗರದಲ್ಲಿ ಇವರ ಜನನವಾಯಿತು. ಹುಟ್ಟುವ ಮೊದಲೇ ತಂದೆ ತೀರಿಕೊಂಡಿದ್ದರು. ಶಾಲೆಗೆ ಹೋದುದು ಎರಡೇ ತಿಂಗಳು. ಓದು ಕಲಿಸಿದವರು ತಾಯಿ. ಫೋಟೋ ಸ್ಟುಡಿಯೋ ಒಂದರಲ್ಲಿ ಹುಡುಗನಿಗೆ ಕೆಲಸ ದೊರೆಯಿತು. ಚಿತ್ರಗಳನ್ನು ಬಿಸಿಲಿನ ಬಲದಿಂದಲೇ ದೊಡ್ಡದು ಮಾಡುತ್ತಿದ್ದ ಕಾಲವದು. ಮಾಳಿಗೆಯ ಮೇಲಿನ ಭಾರಿ ಯಂತ್ರವನ್ನು ಸೂರ್ಯನು ಸರಿದಂತೆಲ್ಲ ಸರಿಸುತ್ತಿರಬೇಕು. ಹಿಂದಿನ ಹುಡುಗರು ಈ ಕೆಲಸದಲ್ಲಿ ತೂಕಡಿಸುತ್ತಿದ್ದರಂತೆ, ಇವರು ತೂಕಡಿಸಲಿಲ್ಲ.

ಪರಿಚಿತನೊಬ್ಬನು ಎರಡು ಡಾಲರ್ ಸಾಲಕ್ಕೆ ಒತ್ತೆಯಾಗಿ ಬಿಟ್ಟುಹೋದ ಖಗೋಳ ಗ್ರಂಥವೇ ಇವರಿಗೆ ಗುರುವಾಯಿತು. 1876ರಲ್ಲಿ 380 ಡಾಲರ್ ತೆತ್ತು 5 ಇಂಚಿನ ದೂರದರ್ಶಕವನ್ನು ಕೊಂಡರು. ಅದು ವರ್ಷದ ಸಂಬಳದ ಸುಮಾರು ಮೂರರಲ್ಲಿ ಎರಡು ಪಾಲು. ಮರುವರ್ಷ ಪ್ರಸಿದ್ಧ ಖಗೋಳಜ್ಞ ಸೈಮನ್ ನ್ಯೂಕೋಮ್‌ರ ಭೇಟಿಯಾಯಿತು. ದೂರದರ್ಶಕವನ್ನು ಬದಿಗಿರಿಸಿ ಮೊದಲು ಗಣಿತ ಕಲಿಯೆಂದು ಅವರು ಹೇಳಿಬಿಟ್ಟರು. ತರುಣನು ಕಂಬದ ಮರೆಯಲ್ಲಿ ನಿಂತು ಅತ್ತನು. ಅತ್ತು ಮುಗಿದ ಮೇಲೆ ಸಂಬಳ ಕೊಟ್ಟು ಗಣಿತದ ಉಪಾಧ್ಯಾಯರನ್ನು ಗೊತ್ತುಮಾಡಿಕೊಂಡನು. ಮುಂದೆ ಹೊಸ ಧೂಮಕೇತುಗಳನ್ನು ಕಂಡುಹಿಡಿದು, ಒಂದೊಂದಕ್ಕೆ 200 ಡಾಲರಿನಂತೆ ದೊರೆತ ಬಹುಮಾನದಿಂದ ಮನೆಯನ್ನೂ ಕಟ್ಟಿಸಿದನು.

1888ರಲ್ಲಿ ಬಾರ್ನಾರ್ಡರು ಕ್ಯಾಲಿಫೋರ್ನಿಯದ ಲಿಕ್ ವೀಕ್ಷಣಾಲಯವನ್ನು ಸೇರಿದರು. 1892ರಲ್ಲಿ ಗುರುವಿನ ಐದನೆಯ ಉಪಗ್ರಹವನ್ನು ಕಂಡರು. ಗೆಲಿಲಿಯೋ ನಾಲ್ಕನ್ನು ಕಂಡ 1610ರಿಂದ ಐದನೆಯದು ಯಾರಿಗೂ ಸಿಕ್ಕಿರಲಿಲ್ಲ. ಆದರೆ ಅವರ ಮನಸ್ಸು ನೆಟ್ಟುದು ಆಕಾಶಗಂಗೆಯಲ್ಲಿ. ಸ್ಟುಡಿಯೋದಲ್ಲಿ ಮನುಷ್ಯರ ಮುಖ ತೆಗೆಯುತ್ತಿದ್ದಂಥ ಹಳೆಯ ಮಸೂರವೊಂದರಿಂದ ಅದರ ಚಿತ್ರ ತೆಗೆದರು. ನಕ್ಷತ್ರಗಳು ಸರಿದಂತೆ ಗಂಟೆಗಟ್ಟಲೆ ಕೈಯಿಂದಲೇ ಯಂತ್ರವನ್ನು ಸರಿಸಬೇಕು. ಬಾಲ್ಯದ ಕೂಲಿಕೆಲಸವೇ ಇಲ್ಲಿ ವಿದ್ಯೆಯಾಯಿತು.

ಆ ಚಿತ್ರಗಳಲ್ಲಿ ನಕ್ಷತ್ರರಾಶಿಯ ನಡುವೆ ಕಪ್ಪು ಕಲೆಗಳು ಮೂಡಿದವು. ಅವು ನಕ್ಷತ್ರಗಳಿಲ್ಲದ ಬರಿಯ ತೂತುಗಳೆಂದು ಹಿಂದಿನವರ ಎಣಿಕೆ; ಇವರೂ ಬಹುಕಾಲ ಹಾಗೆಯೇ ನಂಬಿದ್ದರು. 1895ರಿಂದ ಯರ್ಕೀಸ್ ವೀಕ್ಷಣಾಲಯದಲ್ಲಿದ್ದ ಅವರು, 1913ರ ಬೇಸಿಗೆಯ ಒಂದು ರಾತ್ರಿ ಧನುರಾಶಿಯ ಚಿತ್ರ ತೆಗೆಯುತ್ತಿದ್ದಾಗ ಆಕಾಶಗಂಗೆಯೆದುರು ಸಣ್ಣ ಮೋಡಗಳು ಹಾದುಹೋದವು. ಅವು ತಮ್ಮ ಚಿತ್ರಗಳ ಕಲೆಗಳಂತೆಯೇ ಕರ್ರಗೆ ಕಂಡವು! ಹಾಗಾದರೆ ಅಲ್ಲಿರುವುದು ತೂತಲ್ಲ, ತೆರೆ. 1919ರಲ್ಲಿ ಇಂತಹ 182 ಕಪ್ಪು ಗುರುತುಗಳ ಪಟ್ಟಿಯನ್ನು ಪ್ರಕಟಿಸಿದರು. ಆಗಲೂ ಎಲ್ಲವೂ ತೆರೆಯೇ ಎಂದು ಹಟ ಹಿಡಿಯಲಿಲ್ಲ. 1923ನೆಯ ಫೆಬ್ರವರಿ 6ರಂದು ತೀರಿಕೊಂಡರು. ಅವರ ಆಕಾಶಗಂಗೆಯ ಚಿತ್ರಸಂಪುಟವು ಹೊರಬಿದ್ದುದು 1927ರಲ್ಲಿ.

1930ರಲ್ಲಿ ರಾಬರ್ಟ್ ಟ್ರಂಪ್ಲರ್ ಎಂಬವರು, ನಕ್ಷತ್ರಗಳ ನಡುವೆ ಎಲ್ಲೆಡೆಯೂ ಧೂಳು ಹರಡಿ ಬೆಳಕನ್ನು ನುಂಗುತ್ತಿರುವುದನ್ನು ಸಿದ್ಧಪಡಿಸಿದರು. ಆ ಮೋಡಗಳಲ್ಲಿ ಬಹುಭಾಗ ಜಲಜನಕ ಅನಿಲ, ಧೂಳು ಅತ್ಯಲ್ಪ. ಒಲೆಯ ಹೊಗೆಯ ಕಣದಷ್ಟು ಸಣ್ಣ ಈ ಧೂಳು ನೀಲಿ ಬೆಳಕನ್ನು ಹೆಚ್ಚಾಗಿ ತಡೆದು ಕೆಂಪನ್ನು ಹೆಚ್ಚಾಗಿ ಬಿಡುತ್ತದೆ. ತಾನು ನುಂಗಿದುದನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಹೊರಸೂಸುತ್ತದೆ. ಜಲಜನಕವು ನೇರಳಾತೀತ ಕಿರಣವನ್ನು ತಡೆಯುತ್ತದೆ. ವಿಶ್ವದ ಬಾಲ್ಯದಲ್ಲಿ ಹುಟ್ಟಿದ ಗೆಲಾಕ್ಸಿಗಳ ಬೆಳಕೂ ಇಂತಹ ಅನಿಲಧೂಳುಗಳನ್ನು ದಾಟಿಯೇ ಬರಬೇಕು. 2021ರಲ್ಲಿ ಹಾರಿಸಿದ ಜೇಮ್ಸ್ ವೆಬ್ ದೂರದರ್ಶಕವು ವಿಶ್ವಕ್ಕೆ ಸುಮಾರು 30 ಕೋಟಿ ವರ್ಷವಾಗಿದ್ದಾಗ ಹೊರಟ ಬೆಳಕನ್ನು ಹಿಡಿದಿದೆ. ಅದರಲ್ಲಿ ಎಷ್ಟು ನಮ್ಮನ್ನು ಮುಟ್ಟಿತು, ಎಷ್ಟು ದಾರಿಯಲ್ಲಿ ಅಡಗಿತು ಎಂಬ ಲೆಕ್ಕವಿಲ್ಲದೆ ಆ ಗೆಲಾಕ್ಸಿಗಳ ನಿಜವಾದ ಪ್ರಭೆ ತಿಳಿಯದು.

ಕಾಣದುದನ್ನೆಲ್ಲ ಇಲ್ಲವೆಂದು ಬರೆದು ಲೆಕ್ಕ ಮುಗಿಸಬಾರದು. ಎರಡು ತಿಂಗಳ ಶಾಲೆಯ ಬಾರ್ನಾರ್ಡರು ಆಕಾಶವನ್ನು ನೋಡಿ ಕಲಿತುದು ಇದನ್ನೇ. ಅವರನ್ನು ನೋಡಿ ನಾವೂ ಕಲಿಯಬೇಕಾದುದು ಇದೇ.