ಮಲಾರ ಹೊತ್ತ ಯೋಗಿ

ಕರ್ನಾಟಕದ ಪೂರ್ವದ ಅಂಚಿನಲ್ಲಿರುವ ಚಿಕ್ಕಬಳ್ಳಾಪುರ, ಗೌರಿಬಿದನೂರು, ಶಿಡ್ಲಘಟ್ಟ, ಚಿಂತಾಮಣಿಗಳ ಸೀಮೆಯಲ್ಲಿ ವರ್ಷವಿಡೀ ತುಂಬಿ ಹರಿಯುವ ನದಿಯಿಲ್ಲ. ನಂದಿಬೆಟ್ಟದ ಸುತ್ತ ಹುಟ್ಟುವ ಹೊಳೆಗಳು ಮಳೆಗಾಲ ಕಳೆಯುತ್ತಲೇ ಸೊರಗುತ್ತವೆ. ಇಲ್ಲಿನ ರೈತರು ತಲೆತಲಾಂತರದಿಂದ ಕೆರೆಗಳನ್ನು ನಂಬಿ ಬಾಳಿದವರು. ನೀರು ವಿರಳವಾದ ಈ ನೆಲದಲ್ಲಿ ನುಡಿ ಮಾತ್ರ ಎರಡು ಧಾರೆಗಳಾಗಿ ಹರಿದಿದೆ. ಹಲವು ಮನೆಗಳಲ್ಲಿ ತೆಲುಗು, ಪಾಠಶಾಲೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ. ಈ ಎರಡು ನುಡಿಗಳಲ್ಲಿಯೂ ಹಾಡಿ ಜನಮನವನ್ನು ಗೆದ್ದವರು ಯೋಗಿ ನಾರೇಯಣರು. ಜನರು ಅವರನ್ನು ಪ್ರೀತಿಯಿಂದ ಕೈವಾರದ ತಾತಯ್ಯ ಎಂದು ಕರೆದರು.

ಕೈವಾರವು ಚಿಂತಾಮಣಿ ತಾಲ್ಲೂಕಿನ ಒಂದು ಗ್ರಾಮ. ಮಹಾಭಾರತದ ಏಕಚಕ್ರಪುರವೇ ಇದೆಂದೂ, ಭೀಮನು ಬಕಾಸುರನನ್ನು ಕೊಂದದ್ದು ಇಲ್ಲಿಯೇ ಎಂದೂ ಸ್ಥಳೀಯರು ನಂಬಿದ್ದಾರೆ. ಇಲ್ಲಿ ಅಮರನಾರಾಯಣಸ್ವಾಮಿಯ ಪುರಾತನ ದೇವಾಲಯವಿದೆ. ಸಂಪ್ರದಾಯದ ಪ್ರಕಾರ ನಾರಾಯಣಪ್ಪನವರು ಕ್ರಿ.ಶ. 1726ರಲ್ಲಿ ಈ ಊರಿನಲ್ಲಿ ಜನಿಸಿದರು. ಬಳೆಯ ವ್ಯಾಪಾರ ಅವರ ಮನೆತನದ ಕಸುಬು. ಬೆಳೆದ ಮೇಲೆ ಅವರೂ ಬಳೆಯ ಮಲಾರವನ್ನು ಹೆಗಲಿಗೇರಿಸಿದರು.

ಬಳೆಗಾರನೆಂದರೆ ಅಂದಿನ ಹಳ್ಳಿಗಳಿಗೆ ಬರಿಯ ವ್ಯಾಪಾರಿಯಲ್ಲ. ಅವನು ತವರಿನ ಸುದ್ದಿಯನ್ನು ಗಂಡನ ಮನೆಗೂ, ಗಂಡನ ಮನೆಯ ಸುಖದುಃಖವನ್ನು ತವರಿಗೂ ಮುಟ್ಟಿಸುವವನು. ಹೊಸ್ತಿಲ ಬಳಿ ಕುಳಿತು ಬಳೆ ತೊಡಿಸುವಾಗ ಎಷ್ಟೋ ಹೆಣ್ಣುಮಕ್ಕಳ ಅಳಲು ಅವನ ಕಿವಿಗೆ ಬೀಳುತ್ತಿತ್ತು. ನಾರಾಯಣಪ್ಪನವರು ಇಂತಹ ಕಸುಬಿನಲ್ಲಿದ್ದರೂ ಲಾಭದ ಲೆಕ್ಕವನ್ನು ಕಲಿಯಲಿಲ್ಲ. ಕೇಳಿದವರಿಗೆ ಸಾಲವಾಗಿ ಬಳೆ ಕೊಟ್ಟು, ಹಣವನ್ನು ಕೇಳಲಾರದೆ ಬರಿಗೈಯಲ್ಲಿ ಮನೆಗೆ ಮರಳುತ್ತಿದ್ದರೆಂದು ಜನರು ಹೇಳುತ್ತಾರೆ. ಸಂಸಾರದ ಭಾರ ಹೊತ್ತ ಪತ್ನಿ ಮುನಿಯಮ್ಮನವರು ಇದರಿಂದ ನೊಂದುಕೊಂಡರೆ ಅದು ಸಹಜವೇ.

ಈ ನಡುವೆ ಅವರಿಗೆ ಪರದೇಶಿ ಸ್ವಾಮಿ ಎಂಬ ಗುರುವಿನ ದರ್ಶನವಾಯಿತು. ಗುರುವು ಅಷ್ಟಾಕ್ಷರೀ ಮಂತ್ರವನ್ನು ಉಪದೇಶಿಸಿ, ಒಂದು ಬೆಣಚುಕಲ್ಲನ್ನು ಕೊಟ್ಟು, ಅದನ್ನು ಬಾಯಲ್ಲಿರಿಸಿಕೊಂಡು ಜಪಮಾಡಲು ಹೇಳಿದರಂತೆ. ಕಲ್ಲು ಕಲ್ಲುಸಕ್ಕರೆಯಾದ ದಿನ ಸಾಧನೆ ಫಲಿಸಿತೆಂದು ತಿಳಿಯಬೇಕಾಗಿತ್ತು. ನಾರಾಯಣಪ್ಪನವರು ಊರ ಸಮೀಪದ ಬೆಟ್ಟದ ಗುಹೆಯನ್ನು ಸೇರಿ ದೀರ್ಘಕಾಲ ತಪಸ್ಸನ್ನಾಚರಿಸಿದರು. ಕಡೆಗೊಂದು ದಿನ ಬಾಯಲ್ಲಿದ್ದ ಕಲ್ಲು ಕರಗಿ ಸಿಹಿಯಾಯಿತೆಂದು ಐತಿಹ್ಯ. ಐತಿಹ್ಯದ ಹೊರರೂಪ ಹೇಗೇ ಇರಲಿ, ಅದರ ತಿರುಳು ಸ್ಪಷ್ಟವಾಗಿದೆ. ತಾಳ್ಮೆಯಿಂದ ನುಡಿದ ನುಡಿ ಕಠಿಣವಾದುದನ್ನೂ ಮಧುರವಾಗಿಸಬಲ್ಲುದು.

ಅವರು ಬಾಳಿದ ಕಾಲ ನೆಮ್ಮದಿಯದಾಗಿರಲಿಲ್ಲ. ಹೈದರಾಲಿ, ಟಿಪ್ಪು ಸುಲ್ತಾನ್, ಮರಾಠರು, ಇಂಗ್ಲಿಷರು ಇವರ ಸೈನ್ಯಗಳು ಈ ಸೀಮೆಯನ್ನು ಮತ್ತೆ ಮತ್ತೆ ತುಳಿದವು. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ನಂದಿದುರ್ಗವನ್ನು ಗೆದ್ದುಕೊಂಡಿತು. ಅರಸರು ಬದಲಾಗುತ್ತಿದ್ದ, ಬದುಕು ಅಲುಗಾಡುತ್ತಿದ್ದ ಅಂತಹ ದಿನಗಳಲ್ಲಿ ತಾತಯ್ಯನವರು ಗುರುಭಕ್ತಿಯನ್ನೂ ನಾಮಸ್ಮರಣೆಯನ್ನೂ ದೇಹದ ನಶ್ವರತೆಯನ್ನೂ ಕುರಿತು ಹಾಡಿದರು. ‘ಕಾಲಜ್ಞಾನ’, ‘ಅಮರನಾರೇಯಣ ಶತಕ’ ಮೊದಲಾದ ಕೃತಿಗಳನ್ನೂ ಅನೇಕ ಕೀರ್ತನೆಗಳನ್ನೂ ರಚಿಸಿದರು. ಊರ ದೇವರ ಹೆಸರನ್ನೇ ತಮ್ಮ ಅಂಕಿತವಾಗಿ ಇರಿಸಿಕೊಂಡರು. 1836ರಲ್ಲಿ, ತಮ್ಮ 110ನೆಯ ವಯಸ್ಸಿನಲ್ಲಿ, ಕೈವಾರದಲ್ಲಿಯೇ ಸಮಾಧಿ ಹೊಂದಿದರೆಂದು ಭಕ್ತರ ನಂಬಿಕೆ.

ಹಾಡಿದವರು ಮರೆಯಾದರು, ಹಾಡುಗಳ ಗತಿಯೇನು? ಅವಕ್ಕೆ ಅರಮನೆಯ ಆಶ್ರಯವಿರಲಿಲ್ಲ. ಧ್ವನಿಯನ್ನು ಹಿಡಿದಿಡುವ ಯಂತ್ರ ಇನ್ನೂ ಹುಟ್ಟಿರಲಿಲ್ಲ. ಅವು ಉಳಿದದ್ದು ಹಸ್ತಪ್ರತಿಗಳಲ್ಲಿ ಮತ್ತು ಭಜನೆಯ ಗುಂಪುಗಳ ನಾಲಗೆಯ ಮೇಲೆ. ಹಗಲೆಲ್ಲ ಹೊಲದಲ್ಲಿ ದುಡಿದವರು ಇರುಳು ಒಂದೆಡೆ ಕಲೆತು ತಂಬೂರಿ, ತಾಳ, ಚಿಟಿಕೆಗಳೊಡನೆ ಪದ ಹಾಡುತ್ತಿದ್ದರು. ಮುಂದಾಳು ಒಂದು ಸಾಲನ್ನು ಎತ್ತಿಕೊಟ್ಟರೆ ಉಳಿದವರು ಅದನ್ನೇ ಹಿಂದಿನಿಂದ ಹೇಳುವರು. ಓದು ಬಾರದವರೂ ಹೀಗೆ ಪದಗಳನ್ನು ಬಾಯಿಪಾಠ ಮಾಡಿಕೊಂಡರು. ಆದರೆ ಈ ಭಂಡಾರ ಎಷ್ಟು ಶ್ರೀಮಂತವೋ ಅಷ್ಟೇ ದುರ್ಬಲ. ಶಿಷ್ಯನಿಗೆ ಕಲಿಸದೆ ಹಾಡುಗಾರನೊಬ್ಬ ಕಣ್ಮುಚ್ಚಿದರೆ ಅವನೊಬ್ಬನೇ ಬಲ್ಲ ಪದವೂ ಅವನೊಡನೆಯೇ ಮಣ್ಣಾಗುತ್ತಿತ್ತು.

ಹೀಗೆ ಬಹುಕಾಲ ಹಳ್ಳಿಯ ಭಜನೆಯ ಮನೆಗಳಲ್ಲಿ ಉಳಿದಿದ್ದ ಈ ಹಾಡುಗಳು ಇಪ್ಪತ್ತನೆಯ ಶತಮಾನದಲ್ಲಿ ವಿಶಾಲವಾದ ಲೋಕವನ್ನು ಕಂಡವು. 1961ರಲ್ಲಿ ಟಿ. ವಿ. ಸಿಂಗ್ ಠಾಕೂರ್ ಅವರು ನಿರ್ದೇಶಿಸಿ, ರಾಜಕುಮಾರ್ ಅವರು ನಟಿಸಿದ ‘ಕೈವಾರ ಮಹಾತ್ಮೆ’ ಚಲನಚಿತ್ರವು ಕೈವಾರದ ಹೆಸರನ್ನು ನಾಡಿಗೆಲ್ಲ ಪರಿಚಯಿಸಿತು. ತೆಲುಗಿನ ಪದಗಳು ಕನ್ನಡ ಲಿಪಿಯಲ್ಲಿ ಅಚ್ಚಾದವು. ಮನೆಯಲ್ಲಿ ತೆಲುಗನ್ನಾಡಿ ಕನ್ನಡದ ಅಕ್ಷರವನ್ನಷ್ಟೇ ಕಲಿತವರಿಗೆ ಇದರಿಂದ ದೊಡ್ಡ ಉಪಕಾರವಾಯಿತು. ಅಜ್ಜನ ಬಾಯಲ್ಲಿ ಕೇಳಿದ್ದನ್ನು ಮೊಮ್ಮಗನು ಓದಿ ಹಾಡುವಂತಾಯಿತು. ಈಗ ಕೈವಾರದಲ್ಲಿ ಗುರುಪೂರ್ಣಿಮೆಯ ಸಂದರ್ಭದಲ್ಲಿ 72 ಗಂಟೆಗಳ ಕಾಲ ಎಡೆಬಿಡದೆ ಸಂಗೀತೋತ್ಸವ ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನೆಯ ಗುಂಪಿನವರೂ ಅಲ್ಲಿ ಸೇರುತ್ತಾರೆ.

ವ್ಯಾಪಾರದ ದೃಷ್ಟಿಯಿಂದ ನೋಡಿದರೆ ನಾರಾಯಣಪ್ಪನವರು ಸೋತ ಬಳೆಗಾರ. ಅವರು ತೊಡಿಸಿದ ಗಾಜಿನ ಬಳೆಗಳಲ್ಲಿ ಒಂದಾದರೂ ಇಂದು ಉಳಿದಿಲ್ಲ. ಆದರೆ ಬೆಲೆಯನ್ನು ಕೇಳದೆ ಕೊಟ್ಟ ಹಾಡುಗಳು ಒಡೆಯದೆ ಉಳಿದಿವೆ. ಅವುಗಳನ್ನು ಕಾಪಾಡಿದವರು ಹೆಸರಿಲ್ಲದ ಸಾವಿರಾರು ಹಳ್ಳಿಗರು. ಪೂರ್ವಿಕರಿಂದ ಬಂದ ಹಾಡನ್ನು ಕಲಿತು ಮುಂದಿನವರಿಗೆ ಕಲಿಸುವವನೂ ಆ ಹಾಡಿನ ಕೀರ್ತಿಯಲ್ಲಿ ಪಾಲುಗಾರನೇ ಎಂಬುದನ್ನು ತಾತಯ್ಯನವರ ಚರಿತ್ರೆ ನಮಗೆ ತಿಳಿಸುತ್ತದೆ.